ಹಳದಿ ನೀರಿನ ಚೀಲ

ಐಸಿಯುದಲ್ಲಿ ಹೊಸ ರೋಗಿಗೆ ಡಯಾಲಿಸಿಸ್ ಯಂತ್ರ ಹಚ್ಚಿದ ಕೂಡಲೇ ನೀಲಮ ಮನೆಯವರನ್ನು ಒಳಗೆ ಕರೆಯುತ್ತಾಳೆ. ಯಂತ್ರದ ಕೊಕ್ಕೆಗೆ ತೂಗುವ ದೊಡ್ಡ ಚೀಲವನ್ನು ಮುಟ್ಟಿ ತೋರಿಸುತ್ತಾಳೆ.

"ಇದರಾಗ ತುಂಬೂದು ಉಚ್ಚಿ ಅಲ್ರಿ. ಮಶೀನಿನ ನೀರು."

ಆಮೇಲೆ ಬಗ್ಗಿ ಮಂಚದ ಕೆಳಗಿನ ಸಣ್ಣ ಚೀಲ ತೋರಿಸುತ್ತಾಳೆ. "ಉಚ್ಚಿ ಬಂದ್ರ ಇದರಾಗ ಬರತೈತಿ. ಇದನ್ನ ನೋಡ್ರಿ, ಅದನ್ನ ನೋಡಬ್ಯಾಡ್ರಿ."

"ಚಾಲೂ ಆತ ನೋಡ್ ನಮ್ಮ ಟೀಚರ್ ಬಾಯಾರ ಪಾಠ" ಎಂದು ನರ್ಸ್ ದೀಪಾಲಿ ಪ್ರತಿ ಸಲ ನಗುತ್ತಾಳೆ. ದೀಪಾಲಿ ಈ ಆಸ್ಪತ್ರೆಗೆ ಬಂದದ್ದು ಹೋದ ವರ್ಷ. ಮುರಗೆಪ್ಪನವರ ಸಂಗತಿ ಅವಳಿಗೆ ಗೊತ್ತಿಲ್ಲ.

ನೀಲಮ ಚಿಂಚಲಿಯವಳು. ತಂದೆ ಜ್ಞಾನದೇವ ಬೇರೆಯವರ ಕಬ್ಬಿನ ಹೊಲದಲ್ಲಿ ದುಡಿದು ಮಗಳಿಗೆ ಬೆಳಗಾವಿಯಲ್ಲಿ ಡಯಾಲಿಸಿಸ್ ಡಿಪ್ಲೊಮಾ ಓದಿಸಿದ. ಚಿಕ್ಕೋಡಿಯ ಈ ಖಾಸಗಿ ಆಸ್ಪತ್ರೆಯಲ್ಲಿ ಅವಳದು ಆರನೇ ವರ್ಷ. ನಡೆದು ಬರುವ ರೋಗಿಗಳ ಡಯಾಲಿಸಿಸ್ ನಾಲ್ಕು ತಾಸಿಗೆ ಮುಗಿಯುತ್ತದೆ. ಐಸಿಯುದಲ್ಲಿ ಮಲಗಿದವರ ಮೈ ಆ ವೇಗವನ್ನು ತಡೆಯುವುದಿಲ್ಲ. ಅವರ ರಕ್ತವನ್ನು ದಿನಗಟ್ಟಲೆ ಸಾವಕಾಶವಾಗಿ ಹೊರಗೆ ತಂದು, ಸೋಸಿ, ಮರಳಿಸುವ ಬೇರೆ ಯಂತ್ರವಿದೆ. ಅದರ ಮುಂದೆ ಒಬ್ಬರು ಇದ್ದೇ ಇರಬೇಕು. ತಾಸಿಗೊಮ್ಮೆ ಒತ್ತಡದ ಅಂಕಿ ಬರೆಯಬೇಕು, ಫಿಲ್ಟರಿನಲ್ಲಿ ರಕ್ತ ಹೆಪ್ಪುಗಟ್ಟುತ್ತಿದೆಯೇ ನೋಡಬೇಕು, ರೋಗಿಯ ಮೈ ತಣ್ಣಗಾಗದಂತೆ ಹೊದಿಸಬೇಕು. ಯಂತ್ರದ ಅಲಾರಂ ಒದರಿದರೆ ತಡಮಾಡದೆ ಕಾರಣ ಹುಡುಕಬೇಕು. ನಿಂತ ರಕ್ತ ಕೊಳವೆಯಲ್ಲೇ ಗಟ್ಟಿಯಾಗುತ್ತದೆ.

ಎರಡು ವರ್ಷದ ಹಿಂದೆ, ಮಾರ್ಚ್ ಕೊನೆಯಲ್ಲಿ, ಮುಗಳಖೋಡದ ಮುರಗೆಪ್ಪ ಬಂದರು. ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚಿ, ಗಾಯ ಕೀವಾಗಿ, ನಂಜು ರಕ್ತಕ್ಕೇರಿತ್ತು. ಕಿಡ್ನಿ ನಿಂತಿತ್ತು. ಯಂತ್ರದ ಕೊಳವೆಯನ್ನು ಅವರ ತೊಡೆಸಂದಿಗೆ ಹಾಕಿದ್ದರು. ಕಾಲು ಮಡಚಿದರೆ ಕೊಳವೆ ಮಡಚಿ ಯಂತ್ರ ಒದರುತ್ತಿತ್ತು. ಮುರಗೆಪ್ಪ ಅರೆ ಎಚ್ಚರದಲ್ಲೂ ಮಡಚುತ್ತಲೇ ಇದ್ದರು. ಅದರಲ್ಲೂ ಹೆಂಡತಿ ಗೌರಾಬಾಯಿಯ ದನಿ ಕೇಳಿದರೆ ಸಾಕು.

"ಅವ್ವಾರ, ನೀವು ಮಾತಾಡಿದ ಕೂಡ್ಲೇ ಒದರತೈತಿ ನೋಡ್ರಿ" ಎಂದು ನೀಲಮ ಕಾಲು ಚಾಚಿಸಿ ಗುಂಡಿ ಒತ್ತಿದಳು.

"ಮಶೀನಿಗೂ ನನ್ನ ಬಾಯಿ ಅಂಜಿಕಿ ಆತೇನ?" ಗೌರಾಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. "ಲಗ್ನ ಆದಾಗಿಂದ ನೋಡಾಕತ್ತೇನಿ ತಂಗಿ, ಈ ಮನಷ್ಯಾ ಕಾಲ ಚಾಚಿ ಮಲಗಿದ್ದ ಇಲ್ಲ. ಅರ್ಧಾ ಹಾಸಿಗಿ ಅವರ ಮೊಣಕಾಲಿಗೇ ಬೇಕ."

ಬುಧವಾರ ಮುಂಜಾನೆ ಮುರಗೆಪ್ಪ ಕಣ್ಣು ತೆರೆದರು. ಆಕ್ಸಿಜನ್ ಮಾಸ್ಕಿನೊಳಗಿಂದ ನೀಲಮಳನ್ನು ಕೇಳಿದರು: "ಉಜ್ಜಿ ಬಂದ್ಳೇನ?"

ಉಜ್ಜಿ ಎಂದರೆ ಮಗಳು ಉಜ್ವಲಾ. ಅಥಣಿಯಲ್ಲಿ ಹೈಸ್ಕೂಲ್ ಶಿಕ್ಷಕಿ. ಹತ್ತನೇ ತರಗತಿ ಪರೀಕ್ಷೆಯ ಡ್ಯೂಟಿಗೆ ಬದಲಿ ವ್ಯವಸ್ಥೆ ಮಾಡಿಕೊಂಡು ಗುರುವಾರ ಬರುವವಳಿದ್ದಳು. ಗೌರಾಬಾಯಿ ಹೇಳಿದ್ದು ನೀಲಮಳಿಗೆ ನೆನಪಿತ್ತು. "ನಾಳಿ ಬರತಾರ್ರಿ" ಎಂದಳು. ಮುರಗೆಪ್ಪ ಕಣ್ಣು ಮುಚ್ಚಿದರು.

ಅಂದೇ ಡಾಕ್ಟರು ಗೌರಾಬಾಯಿಗೆ ಹೇಳಿದ್ದರು, ಉಚ್ಚಿ ಬಂದರೆ ಆಸೆ ಇದೆ ಎಂದು. ಮಧ್ಯಾಹ್ನ ಆಕೆ ಒಳಗೆ ಬಂದಾಗ ನೀಲಮ ತುಂಬಿದ ಐದು ಲೀಟರಿನ ಚೀಲವನ್ನು ಕೊಕ್ಕೆಯಿಂದ ಇಳಿಸುತ್ತಿದ್ದಳು. ತಿಳಿಹಳದಿ ನೀರು. ನೋಡಿದರೆ ಯಾರಿಗಾದರೂ ಉಚ್ಚಿಯೂ ಅದೂ ಒಂದೇ ಅನಿಸಬೇಕು.

"ಇಷ್ಟೂ ಅವರದೇನ, ತಂಗಿ?"

ನೀಲಮಳ ಕಣ್ಣು ಪರದೆಯ ಮೇಲಿತ್ತು. ಫಿಲ್ಟರಿನ ಒತ್ತಡ ಏರುತ್ತಿತ್ತು. "ಹೌದ್ರಿ ಅವ್ವಾರ. ಛಲೋ ಬರಾಕತ್ತೈತಿ."

ಯಂತ್ರ ಸೋಸಿ ತೆಗೆದ ನೀರಿನ ಲೆಕ್ಕಕ್ಕೆ ಆ ಮಾತು ಸರಿಯೇ ಇತ್ತು.

ಗುರುವಾರ ಹತ್ತು ಗಂಟೆಗೆ ಗೌರಾಬಾಯಿ ಬಸ್ ಸ್ಟ್ಯಾಂಡಿನ ಅಂಗಡಿಯ ಪೇಢೆ ಪುಡಿಕೆ ಹಿಡಿದು ಬಂದರು. "ತಗೋ, ಬಾಯಿ ಸಿಹಿ ಮಾಡ್ಕೋ. ಉಚ್ಚಿ ಬಂತಲ್ಲ! ಉಜ್ಜಿಗೂ ನಿನ್ನಿ ರಾತ್ರಿ ಫೋನ್ ಮಾಡೇನಿ. ಅಪ್ಪಂದು ಕಿಡ್ನಿ ಚಾಲೂ ಆತು, ಸೂಟಿ ಹಾಳ ಮಾಡಬ್ಯಾಡ, ಶನಿವಾರ ಬಾ ಅಂದ್ನಿ."

ನೀಲಮ ಪೇಢೆಯನ್ನು ಕೈಯಲ್ಲೇ ಹಿಡಿದು ನಿಂತಳು. ಆಮೇಲೆ ಬಗ್ಗಿ ಮಂಚದ ಕೆಳಗಿನ ಸಣ್ಣ ಚೀಲವನ್ನು ಎತ್ತಿ ತೋರಿಸಿದಳು. ತಳದಲ್ಲಿ ಎರಡು ಚಮಚೆಯಷ್ಟು ಕಂದು ನೀರಿತ್ತು. "ಉಚ್ಚಿ ಅಂದ್ರ ಇದು ನೋಡ್ರಿ, ಅವ್ವಾರ. ಎರಡ ದಿನದ್ದು."

"ಹಂಗಾರ ನಿನ್ನಿ ಆ ಹಳದಿ ನೀರ?"

"ಅದು ಮಶೀನಿಂದ್ರಿ. ನಾ ಬಿಡಿಸಿ ಹೇಳಲಿಲ್ಲ. ನಂದ ತಪ್ಪಾತ್ರಿ. ಉಜ್ವಲಾ ಅಕ್ಕಾರಿಗೆ ಈಗ ಫೋನ್ ಹಚ್ಚರಿ, ತಡಾ ಮಾಡಬ್ಯಾಡ್ರಿ."

ಫೋನ್ ರಿಂಗಾಯಿತು, ಯಾರೂ ಎತ್ತಲಿಲ್ಲ. ಪರೀಕ್ಷಾ ಕೇಂದ್ರದಲ್ಲಿ ಶಿಕ್ಷಕರ ಫೋನುಗಳನ್ನೆಲ್ಲ ಮೊದಲೇ ಪಡೆದು ಕಪಾಟಿಗೆ ಹಾಕುತ್ತಾರೆ. ಗೌರಾಬಾಯಿ ಹೊರಗಿನ ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ಹಚ್ಚಿದರು. ಹನ್ನೆರಡಕ್ಕೆ ಮುರಗೆಪ್ಪನವರ ರಕ್ತದೊತ್ತಡ ಕುಸಿಯಿತು. ಡಾಕ್ಟರು ಔಷಧ ಏರಿಸಿದರು, ಮತ್ತೆ ಏರಿಸಿದರು. ಅಂಕಿಗಳು ಹಾಗೂ ಹೀಗೂ ನಿಂತವು. ಎಚ್ಚರ ಮರಳಲಿಲ್ಲ. ಉಜ್ವಲಾ ಫೋನ್ ಎತ್ತಿದಾಗ ಎರಡು ಗಂಟೆಯಾಗಿತ್ತು.

ನಾಲ್ಕೂವರೆಗೆ ಬಂದಳು. ಪರೀಕ್ಷಾ ಡ್ಯೂಟಿಯ ಬ್ಯಾಜು ಇನ್ನೂ ಸೀರೆಗಿತ್ತು. "ಅಪ್ಪಾ, ನಾ ಉಜ್ಜಿ, ಬಂದೇನಿ ನೋಡ್" ಎಂದು ಕಿವಿಯ ಹತ್ತಿರ ಬಾಗಿದಳು. ನೀಲಮ ಹೊದಿಕೆಯ ಕೆಳಗಿನ ಮೊಣಕಾಲನ್ನೇ ನೋಡುತ್ತ ನಿಂತಳು. ಮೂರು ದಿನ ಈ ಯಂತ್ರ ಒದರದಿರಲಿ ಎಂದು ಕಾದವಳು ಅವಳೇ. ಉಜ್ವಲಾ ಇನ್ನೊಮ್ಮೆ ಕರೆದಳು, ಗೌರಾಬಾಯಿಯೂ ಕರೆದರು. ಕಾಲು ನೀಟಾಗಿ ಚಾಚಿಕೊಂಡೇ ಇತ್ತು. ಪಂಪು ತನ್ನ ಪಾಡಿಗೆ ತಿರುಗುತ್ತಿತ್ತು.

"ಇವತ್ತ ಯಾಕ ಒದರವಲ್ದು, ತಂಗಿ?" ಗೌರಾಬಾಯಿ ಕೇಳಿದರು.

ನೀಲಮ ಪರದೆಯ ಕಡೆ ತಿರುಗಿದಳು. ತಾಸಿನ ಅಂಕಿಗಳನ್ನು ಬರೆದಳು. ಎಲ್ಲವೂ ಸರಿ ಇದ್ದವು.

ಶುಕ್ರವಾರ ಮುಂಜಾನೆ ಮುರಗೆಪ್ಪ ತೀರಿಕೊಂಡರು. ನೀಲಮ ಯಂತ್ರ ನಿಲ್ಲಿಸಿ, ಕೊಳವೆ ಬಿಡಿಸಿ, ಅರ್ಧ ತುಂಬಿದ ಹಳದಿ ಚೀಲವನ್ನು ಇಳಿಸಿದಳು. ಗೌರಾಬಾಯಿ ಯಾರನ್ನೂ ಬೈಯಲಿಲ್ಲ. ಆಂಬುಲೆನ್ಸ್ ಮುಗಳಖೋಡಕ್ಕೆ ಹೊರಡುವ ಮುಂಚೆ ಉಜ್ವಲಾ ಒಬ್ಬಳೇ ಮರಳಿ ಮೇಲೆ ಬಂದಳು.

"ಅಪ್ಪ ನನ್ನ ಕೇಳಿದ್ನೇನ್ರಿ?"

ಇಲ್ಲ ಎಂದುಬಿಡಬಹುದಿತ್ತು. ಬಿಡಿಸಿ ಹೇಳದ ಒಂದು ಮಾತು ಆಗಲೇ ಸಾಕಷ್ಟು ಹಾನಿ ಮಾಡಿತ್ತು.

"ಹೌದ್ರಿ, ಕೇಳಿದ್ರು. ಬುಧವಾರ ಮುಂಜಾನಿ."

"ನೀವ್ ಏನಂದ್ರಿ?"

"ನಾಳಿ ಬರತಾರ ಅಂದೆ."

ಉಜ್ವಲಾ ತಲೆಯಾಡಿಸಿದಳು. ಸೀರೆಗಿದ್ದ ಬ್ಯಾಜನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲಿಳಿದಳು.