ಸಂಬಳ ಬಿಡಿಸುವ ಪ್ರೇಮಲತಾ

ಚನ್ನಗಿರಿಯಲ್ಲಿ ತೆರಿಗೆ ಇಲಾಖೆ ಯಾರ ಸಂಬಳಕ್ಕೆ ಕೈ ಹಾಕಿದರೂ ಅವರು ಮೊದಲು ಹತ್ತುವುದು ಗೊಬ್ಬರದಂಗಡಿಯ ಮೇಲಿರುವ ಟ್ಯಾಕ್ಸ್ ಕನ್ಸಲ್ಟೆಂಟ್ ಪ್ರೇಮಲತಾ ಅವರ ಮೆಟ್ಟಿಲು. ಅಳುತ್ತ ಬಂದವರಿಗೆ ಅಲ್ಲಿ ಮೊದಲು ನೀರು, ಆಮೇಲೆ ಬೈಗುಳ. "ಮಾವ ಅಡಿಕೆ ಮಾರಾಕೆ ನಿಮ್ಮ ಪ್ಯಾನ್ ಕಾರ್ಡ್ ಯಾಕ್ರೀ ಕೊಟ್ರಿ? ಈಗ ಆ ವ್ಯಾಪಾರ ನಿಮ್ಮದೇ ಅಂತ ಸಂಬಳ ಹಿಡ್ಕೊಂಡಾರೆ!" ಬೈದಾದ ಮೇಲೆ ಅಡಿಕೆ ಮಂಡಿಯಿಂದ ರಸೀದಿ ತರಿಸಿ, ಮೇಲ್ಮನವಿ ಬರೆದು, ಕೊನೆಗೆ ತೆರಿಗೆ ಅಧಿಕಾರಿಯ ಮುಂದೆ ಮಾತಾಡುವ ತಾಲೀಮು ಮಾಡಿಸುತ್ತಾರೆ. "ಸಾಹೇಬ್ರ ಮುಂದೆ ಕೈ ಮುಗಿದ್ರೆ ನಿಮ್ಮ ಕೇಸ್ ನಾನು ಹಿಡಿಯಲ್ಲ. ದುಡಿದ ಸಂಬಳ ಕೇಳಾಕೆ ಅಂಜಿಕೆ ಎಂಥದ್ದು?" ತಾಲೀಮಿನಲ್ಲಿ ಸಾಹೇಬರ ಪಾತ್ರ ಪ್ರೇಮಲತಾ ಅವರ ತಂದೆ ಬೆನಕಪ್ಪನವರದು. ಕುರ್ಚಿಯಲ್ಲಿ ಕೂತು ಅವರು ಗದರಿದರೆ ಹೆಡ್ ಮಾಸ್ಟರುಗಳೂ ಬೆವರುತ್ತಾರೆ. ಹೀಗೆ ಗದರುವುದನ್ನು ಎಲ್ಲಿ ಕಲಿತಿರಿ ಎಂದು ಒಮ್ಮೆ ತಾಲೀಮು ನೋಡುತ್ತ ಕೂತಿದ್ದ ನಾನು ಕೇಳಿದೆ. "ಅಂಥದೇ ಆಫೀಸಲ್ಲಿ ಜವಾನ ಆಗಿದ್ದೆನಪ್ಪ. ಇವೆಲ್ಲ ನಾನು ನಿಂತ್ಕೊಂಡು ಬೈಸ್ಕೊಂಡಿದ್ದು," ಎಂದರು. ಅಂದು ತಾಲೀಮಿಗೆ ಅವರೆದುರು ನಿಂತಿದ್ದ ನರ್ಸ್ ಸುನಿತಾ ಅದನ್ನು ಕೇಳಿ ಮುಗಿದ ಕೈ ಬಿಚ್ಚಿದಳು. "ಗದರಬ್ಯಾಡ್ರಿ ಸರ್. ಆ ಅಡಿಕೆ ನಂದಲ್ಲ, ಸಂಬಳ ನಂದು. ಬಿಡ್ರಿ." ಬೆನಕಪ್ಪ ಎದ್ದು, ಕುರ್ಚಿಯನ್ನು ಆಕೆಯತ್ತ ಸರಿಸಿದರು.