ಕ್ಲಿಪ್ ಮುರಿದ ನೀಲಿ ಕೇಬಲ್

ಸಹಿ ಹಾಕಲು ಪೆನ್ನು ಹುಡುಕುತ್ತಾ ಡ್ರಾಯರಿಗೆ ಕೈ ಹಾಕಿದರೆ ಸಿಕ್ಕಿದ್ದು ಒಂದು ನೀಲಿ ನೆಟ್‌ವರ್ಕ್ ಕೇಬಲ್. ತುದಿಯ ಕ್ಲಿಪ್ ಮುರಿದಿದೆ, ಯಾವ ಕೆಲಸಕ್ಕೂ ಬಾರದು. ನಾಲ್ಕು ಆಫೀಸು ಬದಲಿಸಿದರೂ ಇದನ್ನು ಎಸೆಯಲು ಮನಸ್ಸು ಬಂದಿಲ್ಲ.

ಎರಡು ಸಾವಿರದ ಆರೋ ಏಳೋ ಇರಬೇಕು. ಫರೀದಾಬಾದಿನ ಟ್ರ್ಯಾಕ್ಟರ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ನನ್ನ ಮೊದಲ ನೌಕರಿ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತಿದ್ದೆ, ಚಹಾದ ಭಯ್ಯಾನಿಗೂ. ಪ್ರೊಬೇಷನ್ ಮುಗಿಯಲು ಹತ್ತೇ ದಿನ ಉಳಿದಿತ್ತು. ವ್ಯಾಪಾರಿಗಳು ಆರ್ಡರ್ ಹಾಕುವ ವೆಬ್‌ಸೈಟಿನ ಸರ್ವರಿಗೂ ಅದರ ಡೇಟಾಬೇಸ್ ಸರ್ವರಿಗೂ ಒಂದೊಂದು ಬದಲಿ ಸರ್ವರ್ ನಿಲ್ಲಿಸುವ ಕೆಲಸ ನನ್ನದು. ಒಂದು ಬಿದ್ದರೆ ಇನ್ನೊಂದು ತಾನಾಗಿ ಕೆಲಸ ಹಿಡಿಯಬೇಕು. ಎಲ್ಲ ಆಯಿತೆಂದು ಎದೆಯುಬ್ಬಿಸಿ ಹೇಳಿದೆ.

ನಮ್ಮ ಮುಖ್ಯಸ್ಥೆ ಸುಮಿತ್ರಾ ಮೇಡಂ ದೆಹಲಿಯಲ್ಲೇ ಬೆಳೆದ ಕನ್ನಡದವರು. ನಾನು ಬರೆದ ವರದಿಯನ್ನು ಮುಟ್ಟಲೂ ಇಲ್ಲ. ಬೆಳಗ್ಗೆ ಹನ್ನೊಂದಕ್ಕೆ, ಆರ್ಡರುಗಳ ಭರಾಟೆಯಲ್ಲೇ, ಡೇಟಾಬೇಸ್ ಸರ್ವರಿನ ಕೇಬಲ್ ಹಿಡಿದರು. ಸಂಜೆ ಮಾಡೋಣ ಎಂದು ಗೋಗರೆದೆ.

"ಅಚ್ಛಾ? ಮೆಷಿನ್ ನಿನ್ನ ಟೈಮ್ ಕೇಳ್ಕೊಂಡು ಕೆಡುತ್ತಾ?" ಎಂದವರೇ ಕಿತ್ತುಬಿಟ್ಟರು.

ಎರಡನೆಯ ಡೇಟಾಬೇಸ್ ಎದ್ದು ನಿಂತಿತು. ವೆಬ್‌ಸೈಟ್ ಮಾತ್ರ ಸತ್ತ ಮೊದಲನೆಯದನ್ನೇ ಕರೆಯುತ್ತಾ ಕೂತಿತು. ಅದರಲ್ಲಿ ಎರಡೂ ಡೇಟಾಬೇಸಿಗೆ ಸಲ್ಲುವ ವಿಳಾಸದ ಬದಲು ಮೊದಲನೆಯದರ ಸ್ವಂತ ವಿಳಾಸವನ್ನೇ ನಾನು ಬರೆದಿಟ್ಟಿದ್ದೆ. ಕರೋಲ್ ಬಾಗಿನ ವ್ಯಾಪಾರಿಯ ಫೋನು ಬಂತು, ಬೆನ್ನಿಗೇ ಮಾಲೀಕರು ಬಂದರು. ನನ್ನ ಡಿಗ್ರಿ ಅಂಗಾಲಿಗೆ ಇಳಿದಿತ್ತು.

ಕೇಬಲ್ ಕಿತ್ತದ್ದು ತಾನೇ ಎಂದು ಮೇಡಂ ಮಾಲೀಕರಿಗೆ ಹಿಂದಿಯಲ್ಲಿ ಹೇಳಿದರು. ನನ್ನ ಹೆಸರೇ ಎತ್ತಲಿಲ್ಲ. ಎಲ್ಲವೂ ಮೊದಲಿನಂತಾದ ಮೇಲೆ ನನ್ನ ಕಡೆ ತಿರುಗಿದರು.

"ತಪ್ಪು ನಮ್ಮ ಕೈಗೇ ಸಿಕ್ತಲ್ಲ, ಬಿಡು. ನಾಳೆ ಹನ್ನೊಂದಕ್ಕೆ ನೀನೇ ಕೀಳಬೇಕು."

ತಪ್ಪು ತಿದ್ದಿ, ಮರುದಿನ ಕಿತ್ತೆ. ಎಳೆದ ರಭಸಕ್ಕೆ ಕ್ಲಿಪ್ ಮುರಿಯಿತು. ಮೇಡಂ ಅದೇ ವ್ಯಾಪಾರಿಗೆ ಫೋನು ಹಚ್ಚಿ, ಒಂದು ಆರ್ಡರ್ ಹಾಕಲು ಹೇಳಿ, ರಿಸೀವರನ್ನು ನನ್ನ ಕಿವಿಗಿಟ್ಟರು.

"ಹೋ ಗಯಾ," ಎಂದ ಆತ, ಆಕಳಿಸುತ್ತಾ. ಆರ್ಡರ್ ದಾಖಲಾಗಿತ್ತು. ಡಿಗ್ರಿ ಕೈಗೆ ಬಂದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ. ಹತ್ತನೆಯ ದಿನ ನೌಕರಿ ಖಾಯಂ ಆಯಿತು.

ಪೆನ್ನೂ ಸಿಕ್ಕಿತು ಅನ್ನಿ. ಮೇಜಿನ ಮೇಲೆ ಹಾಳೆ ಕಾಯುತ್ತಿದೆ: 'ಬದಲಿ ಸರ್ವರುಗಳನ್ನು ಪರೀಕ್ಷಿಸಲಾಗಿದೆ.' ಪರೀಕ್ಷಿಸಿಲ್ಲ, ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಇಷ್ಟು ವರ್ಷದ ಅನುಭವದ ಸೊಕ್ಕಿನಲ್ಲಿ ಸಹಿ ಹಾಕಲು ಹೊರಟಿದ್ದೆ.

ಪೆನ್ನನ್ನು ಮತ್ತೆ ಡ್ರಾಯರಿಗೆ ಹಾಕಿ ಗಡಿಯಾರ ನೋಡಿದೆ. ಹತ್ತೂ ಮುಕ್ಕಾಲು. ಸರ್ವರ್ ಕೋಣೆಯ ಕೀಲಿ ತೆಗೆದುಕೊಂಡೆ.