ಯಜಮಾನರ ನಾಲ್ಕು ಪ್ಲಗ್ಗುಗಳು

ಯಜಮಾನರ ಬಲ ಅಂಗೈ ಹಲಗೆಯಷ್ಟು ಅಗಲ. ವೈರು ಬೆಸೆಯುವ ಕಾದ ಸಾಲ್ಡರ್ ಬಿದ್ದ ಐದಾರು ಕಪ್ಪು ಚುಕ್ಕೆ, ಹೆಬ್ಬೆರಳಿಗೆ ಉಗುರೇ ಇಲ್ಲ. ಆ ಕೈ ನನ್ನ ಕೆನ್ನೆಯ ಮೇಲೆ ಮೂರು ಸಲ ಇಳಿದಿದೆಯಾದ್ದರಿಂದ ಅದರ ಅಳತೆ ನನಗೆ ಚೆನ್ನಾಗಿ ಗೊತ್ತು. ಎರಡು ವರ್ಷದ ಹಿಂದಿನ ಒಂದು ಸೋಮವಾರ ಬೆಳಿಗ್ಗೆ, ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟ ಬಸ್ಸಿನಲ್ಲಿ, ಗೋಣಿಚೀಲ ಸುತ್ತಿದ ಎರಡು ಹಳೆಯ ಸ್ಪೀಕರ್ ಪೆಟ್ಟಿಗೆಗಳನ್ನು ಅದೇ ಕೈ ಅದುಮಿ ಹಿಡಿದಿತ್ತು. ಪಕ್ಕದಲ್ಲಿ ನಾನು, ತೊಡೆಯ ಮೇಲೆ ಆಂಪ್ಲಿಫೈಯರ್ ಇಟ್ಟುಕೊಂಡು, ಏನೇನು ಕೆಡಬಹುದು ಎಂದು ಯೋಚಿಸುತ್ತ ಕೂತಿದ್ದೆ.

ಕಂಡಕ್ಟರ್ ಕಾಲು ತಗಲಿ ಸ್ಪೀಕರಿನೊಳಗಿನ ಕಾಗದದ ಕೋನ್ ಹರಿಯಬಹುದು. ನಡುವೆ ತಳಕು ಸ್ಟಾಪಿನಲ್ಲಿ ಯಾರಾದರೂ ಕುರಿ ಹತ್ತಿಸಬಹುದು, ಆ ಕುರಿ ಪೆಟ್ಟಿಗೆಯ ಮೇಲೆ ಉಚ್ಚೆ ಹೊಯ್ಯಬಹುದು. ಯಜಮಾನರು ಕುರಿಯವನಿಗೆ ಹೊಡೆಯಬಹುದು, ಕುರಿಯವನು ತಿರುಗಿ ಹೊಡೆಯಬಹುದು. ಯಜಮಾನರ ಎದೆಯೊಳಗೆ ಡಾಕ್ಟರು ಇಟ್ಟಿದ್ದ ಸ್ಟೆಂಟು ದಾರಿಯಲ್ಲೇ ಕೈಕೊಡಬಹುದು. ಮೊಳಕಾಲ್ಮೂರಿನಲ್ಲಿ ಅವರ ತಮ್ಮ ಈ ಪೆಟ್ಟಿಗೆಗಳನ್ನು ಬೀದಿಯಲ್ಲೇ ಪುಡಿ ಮಾಡಬಹುದು. ಅಣ್ಣನ ತಲೆ ಒಡೆಯಬಹುದು. ಅಣ್ಣನದೆಂದು ತಿಳಿದು ನನ್ನದನ್ನು ಒಡೆಯಬಹುದು. ಪೊಲೀಸರು ಬಂದು ಸಾಕ್ಷಿಗೆ ನನ್ನನ್ನು ಕರೆಯಬಹುದು. ಹೊಟ್ಟೆನೋವೆಂದು ರಜೆ ಹಾಕಿ ಬಂದದ್ದು ಆಫೀಸಿಗೆ ತಿಳಿಯಬಹುದು. ನಿಜವಾಗಿಯೂ ಹೊಟ್ಟೆ ನೋಯತೊಡಗಿತ್ತು.

ಯಜಮಾನರು ಎಂದರೆ ಊರಿನ ಯಜಮಾನಿಕೆಯವರಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಹಿಂದಿನ ಓಣಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ, ಹಳೆಯ ರೇಡಿಯೋ, ಸ್ಪೀಕರುಗಳನ್ನು ರಿಪೇರಿ ಮಾಡುವ ಅಂಗಡಿ ಅವರದು. ಓಣಿಯವರೆಲ್ಲ ಅವರನ್ನು ಹಾಗೆ ಕರೆಯುತ್ತಿದ್ದುದು ಪ್ರೀತಿಯಿಂದಲ್ಲ, ಭಯದಿಂದ. ನಾನು ಕುದಾಪುರದ ಕಡೆಯ ಒಂದು ಕ್ಯಾಂಪಸ್ಸಿನ ಸ್ಟೋರ್ಸ್‌ನಲ್ಲಿ ಗುಮಾಸ್ತ. ಹಳೆಯ ಸ್ಪೀಕರುಗಳ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಮೊದಲ ಸಲ ಅವರ ಅಂಗಡಿಗೆ ಹೋದಾಗ ನನ್ನ ಕೈಯಲ್ಲಿ ಒಂದು ಸ್ಪೀಕರ್ ಇತ್ತು. ಅದರ ವೈರಿನ ತುದಿಗೆ ಇಸ್ತ್ರಿ ಪೆಟ್ಟಿಗೆಗೆ ಹಾಕುವಂಥ ಎರಡು ಪಿನ್ನಿನ ಕರೆಂಟ್ ಪ್ಲಗ್ ಹಾಕಿದ್ದೆ.

"ಇದನ್ನ ಯಾರ್ ಹಾಕಿದ್ದು?"

"ನಾನೇ ರೀ. ಅಂಗಡೀಲಿ ಅದೇ ಸಿಕ್ತು."

ಕೆನ್ನೆಗೆ ಬಿದ್ದ ಏಟಿಗೆ ಕಿವಿಯೊಳಗೆ ಗುಂಯ್ ಎಂದಿತು. ಮೀಸೆ ನರೆತ ಗಂಡಸು ಸಾರ್ವಜನಿಕವಾಗಿ ಏಟು ತಿಂದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟೆ.

"ಈ ಪ್ಲಗ್ ಎಲ್ಲಿಗ್ ಹೋಗ್ತೈತೆ?"

"ಆಂಪ್ಲಿಫೈಯರಿಗೆ."

"ಗೋಡೆಗೂ ಹೋಗ್ತೈತೋ ಇಲ್ವೋ? ನಿನ್ ಹೆಂಡ್ತಿ ಕಸ ಗುಡಿಸ್ವಾಗ ನೋಡ್ತಾಳೆ, ಪ್ಲಗ್ ಬಿದ್ದೈತೆ ಅಂತ ಗೋಡೆಗ್ ಚುಚ್ತಾಳೆ. ಆಗ ಈ ಕಡೆ ತುದಿ ನಿನ್ ಕೈಯಾಗಿದ್ರೆ? ಹೇಳಲೇ!"

ಪ್ಲಗ್ಗನ್ನು ಕಿತ್ತು, ಕಬ್ಬಿಣದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಪುಡಿ ಮಾಡಿದರು. ಅಂಗಡಿಯ ಮೂಲೆಯ ಡಬ್ಬದಲ್ಲಿ ಅಂಥ ಪುಡಿ ಅರ್ಧ ತುಂಬಿತ್ತು. ನಾನು ಮನೆಗೆ ಹೋಗಿ ಎಲ್ಲ ಸಾಕೆಟ್ಟುಗಳಿಗೂ ಟೇಪ್ ಅಂಟಿಸಿದೆ. ಬೆಳಿಗ್ಗೆ ಚಟ್ನಿಗೆಂದು ಮಿಕ್ಸಿ ಹಿಡಿದು ನಿಂತ ಹೆಂಡತಿ ನನ್ನನ್ನು ನೋಡಿದ ನೋಟದ ಮುಂದೆ ಯಜಮಾನರ ಏಟು ಏನೂ ಅಲ್ಲ. ಆದರೂ ಮಾರನೆಯ ಸಂಜೆ ಮತ್ತೆ ಆ ಅಂಗಡಿಗೆ ಹೋದೆ. ಹತ್ತು ವರ್ಷ ಹೋಗುತ್ತಲೇ ಇದ್ದೆ. ಸಾಲ್ಡರ್ ಹಿಡಿಯಲು, ವೈರಿನ ಸಿಪ್ಪೆ ಸುಲಿಯಲು, ಕಾಗದದ ಕೋನಿಗೆ ಗೋಂದು ಹಚ್ಚಲು ಅವರೇ ಕಲಿಸಿದರು, ಬೈಯುತ್ತ.

ಒಮ್ಮೆ ತಳಕಿನವನೊಬ್ಬ ಅವರ ಹಾರ್ನ್ ಸ್ಪೀಕರುಗಳನ್ನು ಬಾಡಿಗೆಗೆ ಒಯ್ದು, ಅವರ ಕನೆಕ್ಟರ್ ಕತ್ತರಿಸಿ, ಕರೆಂಟ್ ಪ್ಲಗ್ ಹಾಕಿ ಹಿಂದಕ್ಕೆ ತಂದಿದ್ದ. ಕೇಳಿದ್ದಕ್ಕೆ ಅವರದೇ ಕೊರಳಪಟ್ಟಿ ಹಿಡಿದ. ಯಜಮಾನರು ಮೈಕ್ ಸ್ಟ್ಯಾಂಡಿನ ಬುಡದಿಂದ ಒಂದೇ ಸಲ ಬೀಸಿದರು. ಮೂಗಿನ ಎಲುಬು ಮುರಿದು ರಕ್ತ ಕೌಂಟರಿನ ಮೇಲೆಲ್ಲ ಹರಿಯಿತು. ಆಮೇಲೆ ಅವನನ್ನು ತಮ್ಮದೇ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದರು. "ಮೂಗು ಕೂಡ್ಕೊಳ್ತೈತೆ ಬಿಡಲೇ, ಅಳಬ್ಯಾಡ" ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿದರಂತೆ.

ಊರಿಗೆಲ್ಲ ಹೊಡೆಯುವ ಈ ಮನುಷ್ಯ ವರ್ಷಕ್ಕೊಮ್ಮೆ ಮಾತ್ರ ತಾವಾಗಿಯೇ ಹೋಗಿ ಹೊಡೆಸಿಕೊಂಡು ಬರುತ್ತಿದ್ದರು. ಯುಗಾದಿಯ ಮರುದಿನ, ವರ್ಷತೊಡಕಿಗೆ, ಎರಡು ಕೇಜಿ ಮಟನ್ ಕಟ್ಟಿಸಿಕೊಂಡು ಮೊಳಕಾಲ್ಮೂರಿನ ತಮ್ಮನ ಮನೆಗೆ ಹೋಗುವುದು. ತಮ್ಮ ಹೊಸಿಲಾಚೆಗೇ ನಿಲ್ಲಿಸಿ ಎಡಗೈಯಿಂದ ಬಾರಿಸುವುದು. ಮಟನ್ ಬೀದಿನಾಯಿಗಳ ಪಾಲು. ಊದಿದ ಮುಖ ಹೊತ್ತು ಸಂಜೆ ಬಸ್ಸಿಳಿದರೆ ಪಕ್ಕದ ಸೈಕಲ್ ಶಾಪಿನವನು ಕೇಳುತ್ತಿದ್ದ: "ಏನ್ ಯಜಮಾನ್ರೇ, ತಮ್ಮನ್ ಮನೆ ಊಟ ಈ ವರ್ಷಾನೂ ಜೋರಾ?"

ಆ ಸೈಕಲ್ ಶಾಪಿನವನಿಗೆ ಮಾತ್ರ ಅವರು ಒಂದು ದಿನವೂ ಕೈ ಎತ್ತಲಿಲ್ಲ.

ತಮ್ಮನ ಕೈಯಲ್ಲಿ ಹೊಡೆಸಿಕೊಳ್ಳುವ ಕಾರಣವನ್ನು ನನಗೆ ಅವರೇ ಹೇಳಿದರು, ಸ್ಟೆಂಟ್ ಹಾಕಿಸಿಕೊಂಡು ಬಂದ ವಾರ. ಅದಕ್ಕೂ ಇಪ್ಪತ್ತೆಂಟು ವರ್ಷದ ಹಿಂದೆ ಅಣ್ಣತಮ್ಮ ಇಬ್ಬರೂ ಸೇರಿ ಮೈಕ್‌ಸೆಟ್ ನಡೆಸುತ್ತಿದ್ದರು. ಕರೆಂಟ್ ಪ್ಲಗ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಗಟ್ಟಿ, ಹಾಕುವುದು ಸುಲಭ. ಹಾಗಾಗಿ ಸ್ಪೀಕರ್ ವೈರುಗಳ ಎರಡೂ ತುದಿಗೆ ಅದನ್ನೇ ಕಟ್ಟುತ್ತಿದ್ದರು. ದೇವಸಮುದ್ರದ ಹತ್ತಿರ ಒಂದು ಮದುವೆ. ತಮ್ಮ ಬೇವಿನ ಮರ ಹತ್ತಿ ಹಾರ್ನ್ ಕಟ್ಟುತ್ತಿದ್ದ, ವೈರಿನ ಒಂದು ತುದಿ ಅವನ ಕೈಯಲ್ಲಿ. ಇನ್ನೊಂದು ತುದಿ ಚಪ್ಪರದ ನೆಲದ ಮೇಲೆ ಬಿದ್ದಿತ್ತು. ಮದುವೆ ಮನೆಯವನೊಬ್ಬ ಅದನ್ನು ಎತ್ತಿ, ಸ್ವಿಚ್‌ಬೋರ್ಡಿಗೆ ಚುಚ್ಚಿದ.

"ಮರದ್ ಮ್ಯಾಲಿಂದ ಕೂಗು ಕೇಳ್ತು. ಬಿದ್ದ. ಬಲಗೈ ಮೈ ಕೆಳಗ್ ಸಿಕ್ಕಿ ನುಚ್ಚಾಗಿತ್ತು, ಅಂಗೈ ಕರಕಲು. ದಾವಣಗೆರೆಗ್ ಒಯ್ದ್ವಿ, ಮೊಣಕೈತನಕ ತೆಗೆದ್ರು." ಯಜಮಾನರು ಸ್ಕ್ರೂಡ್ರೈವರಿನಿಂದ ಕೌಂಟರನ್ನು ಕೆರೆಯುತ್ತಿದ್ದರು. "ಪ್ಲಗ್ ಹಾಕ್ದೋನ್ನ ಹಿಡ್ಕಂಡ್ ಚಚ್ಚಿದೆ. ಹಲ್ಲು ಉದುರೋ ಹಂಗೆ. ಆಮ್ಯಾಲ್ ಆಸ್ಪತ್ರೇಲಿ ಕೂತಾಗ ತಿಳೀತು. ಅವನೇನ್ ಮಾಡಿದ್ದ? ಪ್ಲಗ್ ಕಂಡ್ರೆ ಯಾರಾದ್ರೂ ಗೋಡೆಗೇ ಹಾಕ್ತಾರೆ. ತಪ್ಪು ಹಾಕ್ದೋನದಲ್ಲ, ಕಟ್ಟಿದೋನದು. ಕಟ್ಟಿದೋನು ನಾನು."

ಆ ಗೋಣಿಚೀಲದ ಸ್ಪೀಕರುಗಳು ಅಪಘಾತಕ್ಕೂ ಮೊದಲು ಅಣ್ಣತಮ್ಮ ಜೊತೆಯಾಗಿ ಕೊಂಡಿದ್ದ ಜರ್ಮನಿಯ ಜೋಡಿ. ಬಾಡಿಗೆಗಲ್ಲ, ತಮ್ಮ ಕೇಳಲಿ ಎಂದು. ತಮ್ಮನಿಗೆ ತಬಲಾ ಎಂದರೆ ಪ್ರಾಣವಂತೆ. ಬೇರೆಯಾಗುವಾಗ ಅವನು ಅದನ್ನು ಒಯ್ಯಲಿಲ್ಲ. "ಒಂದ್ ಕೈಯಾಗೆ ವೈರ್ ಚುಚ್ಚಾಕೂ ಆಗಲ್ಲ, ನನಗ್ಯಾಕೆ" ಎಂದಿದ್ದ.

"ಸಾಯೋದ್ರೊಳಗೆ ಇದನ್ನ ಅವನ್ ಮನೆಯಾಗ್ ಇಟ್ ಬರಬೇಕು, ಗುಮಾಸ್ತ. ಹೊಸಿಲು ದಾಟ್ಬೇಕು."

ಕಷ್ಟ ಎಂದರೆ ಕನೆಕ್ಟರಿನದು. ಆ ಪೆಟ್ಟಿಗೆಗಳ ಹಿಂದೆ, ಅದರ ಜೊತೆಯ ಆಂಪ್ಲಿಫೈಯರಿನ ಹಿಂದೆ, ಚಿಕ್ಕ ಕಪ್ಪು ಸಾಕೆಟ್ಟು: ಒಂದು ಉದ್ದ ಸೀಳು, ಪಕ್ಕದಲ್ಲಿ ಒಂದು ದುಂಡು ತೂತು. ಹಳೆಯ ಪ್ಲಗ್ಗುಗಳು ಆ ಕಾಲಕ್ಕೇ ಒಡೆದು ಹೋಗಿ, ಬರಿಯ ವೈರನ್ನೇ ಚುಚ್ಚುತ್ತಿದ್ದರು. ನಾನು ಒಂದು ವಾರ ಫೋನಿನಲ್ಲಿ ಓದಿ ಪಂಡಿತನಾಗಿ ಹೋದೆ. ಪೆಟ್ಟಿಗೆಯ ಹಿಂಭಾಗ ಕೊರೆದು ಹಿತ್ತಾಳೆಯ ಸ್ಕ್ರೂ ಟರ್ಮಿನಲ್ ಹಾಕೋಣ ಎಂದೆ. ವೈರ್ ಸುತ್ತಿ ತಿರುಪಿದರೆ ಅದಕ್ಕಿಂತ ಭದ್ರ ಇನ್ನೊಂದಿಲ್ಲ ಎಂದೆ. ಬೇಡವಾದರೆ ಒತ್ತಿ ಹಿಡಿದು ವೈರ್ ತೂರಿಸುವ ಸ್ಪ್ರಿಂಗ್ ಕ್ಲಿಪ್ ಎಂದೆ. ಎರಡನೆಯ ಏಟು ಬಿದ್ದದ್ದು ಆಗ.

"ನಿನ್ ಬಲಗೈ ಬೆನ್ನ ಹಿಂದಕ್ ಇಟ್ಕ. ಹೂಂ, ಈಗ ಕ್ಲಿಪ್ ಒತ್ತು. ಒತ್ತಿದ್ಯಾ? ವೈರ್ ಯಾವ ಕೈಯಾಗ್ ತೂರಿಸ್ತೀಯಾ? ಸ್ಕ್ರೂ ಯಾವ ಕೈಯಾಗ್ ತಿರುಪ್ತೀಯಾ?"

ಆಗ ನನಗೆ ಅರ್ಥವಾಯಿತು. ಆ ಹಳೆಯ ಪ್ಲಗ್ಗನ್ನು ಒಂದೇ ಕೈಯಲ್ಲಿ ತಳ್ಳಿದರೆ ಕೂರುತ್ತದೆ. ಗೋಡೆಯ ಸಾಕೆಟ್ಟಿಗೆ ಎಷ್ಟೇ ತುರುಕಿದರೂ ಹೋಗುವುದಿಲ್ಲ. ಬೆಂಗಳೂರಿನಿಂದ ನಾಲ್ಕು ತರಿಸಿದೆ, ಎರಡು ವೈರಿನ ನಾಲ್ಕು ತುದಿಗೆ. ಅವರ ಕೈ ನಡುಗುತ್ತಿದ್ದುದರಿಂದ ಸಾಲ್ಡರ್ ಮಾಡಿದವನು ನಾನೇ. ಪರೀಕ್ಷೆಯನ್ನೂ ನಾನೇ ಮಾಡಿದೆ. ಏನಾದರೂ ಹೆಚ್ಚುಕಮ್ಮಿಯಾಗಿ ಎರಡೂ ಸ್ಪೀಕರ್ ಒಟ್ಟಿಗೆ ಸುಟ್ಟರೆ ಗತಿಯೇನೆಂದು, ಒಂದು ಸಲಕ್ಕೆ ಒಂದನ್ನೇ ಹಚ್ಚಿ ನೋಡಿದೆ. ಎರಡೂ ಚೆನ್ನಾಗಿ ಹಾಡಿದವು.

ಮೊಳಕಾಲ್ಮೂರಿನಲ್ಲಿ ತಮ್ಮನದು ರಸ್ತೆಗೆ ತೆರೆದ ಬೀಡಿ-ಬನ್ನಿನ ಅಂಗಡಿ, ಹಿಂದೆ ಮನೆ. ನಾವು ಆಟೋ ಇಳಿಯುತ್ತಲೇ ಅವನು ಶಟರ್ ಎಳೆಯುವ ಕಬ್ಬಿಣದ ಸರಳು ಹಿಡಿದು ಹೊರಗೆ ಬಂದ.

"ಎಂದುಕೊಚ್ಚಿನಾವುರಾ? ಯಾಕ್ ಬಂದೆ? ವರ್ಷತೊಡಕು ಮುಗೀತಲ್ಲ."

"ಇದನ್ನ ಕೊಡಾಕ್ ಬಂದೆ."

ಗೋಣಿಚೀಲ ಸರಿದು ಪೆಟ್ಟಿಗೆಯ ಮೂಲೆ ಕಂಡಿತು. ತಮ್ಮ ಅದನ್ನು ಗುರುತಿಸಿದ. ಮುಖ ಕೆಂಪಾಯಿತು. "ನನ್ ಕೈಲಿ ಆಗಲ್ಲ ಅಂತ ತೋರ್ಸಾಕ್ ತಂದೀಯಾ? ಊರ್ ಮುಂದೆ?" ಎನ್ನುತ್ತ ಸರಳು ಬೀಸಿದ. ಬೀಸಿದ್ದು ಪೆಟ್ಟಿಗೆಗೆ. ಯಜಮಾನರು ಅದರ ಮೇಲೆ ಬೋರಲು ಬಿದ್ದರು. ಸರಳು ಅವರ ಹೆಗಲಿಗೆ ಬಿತ್ತು, ಒದ್ದೆ ಬಟ್ಟೆ ಒಗೆದಂಥ ಸದ್ದು. ಇನ್ನೊಂದು ಬೆನ್ನಿಗೆ. ಮೂರನೆಯದಕ್ಕೆ ನಾನು ಅಡ್ಡ ಹೋದೆ. ಧೈರ್ಯದಿಂದಲ್ಲ, ಆಂಪ್ಲಿಫೈಯರಿನ ಭಾರಕ್ಕೆ ಮುಗ್ಗರಿಸಿ. ಸರಳು ನನ್ನ ಮೊಣಕೈಯನ್ನು ಸವರಿಕೊಂಡು ಹೋಯಿತು. ನಾನು ಇಡೀ ಬೀದಿ ತಿರುಗಿ ನೋಡುವಂತೆ ಅರಚಿದೆ.

"ಇವನ್ಯಾವನೋ?" ಎಂದು ತಮ್ಮ ಸರಳು ನಿಲ್ಲಿಸಿದ.

"ನಮ್ ಗುಮಾಸ್ತ. ಹೊಡೀಬ್ಯಾಡ, ಪುಕ್ಕಲ" ಎಂದರು ಯಜಮಾನರು, ನೆಲದ ಮೇಲಿನಿಂದಲೇ. ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯುತ್ತಿತ್ತು. ಜೇಬಿನಿಂದ ಒಂದು ವೈರ್ ತೆಗೆದು ಮೇಲೆ ಚಾಚಿದರು. "ಹಾಕಿ ನೋಡು. ಆಗ್ಲಿಲ್ಲ ಅಂದ್ರೆ ಇಲ್ಲೇ ಸಾಯಿಸಿಬಿಡು."

"ಒಂದ್ ಕೈಯಾಗಾ?"

"ಒಂದ್ ಕೈಗೇ ತಂದಿರೋದು."

ತಮ್ಮ ವೈರಿನ ತುದಿಯ ಪ್ಲಗ್ಗನ್ನು ನೋಡಿದ. ಸರಳು ಕೆಳಗೆ ಹಾಕಿ, ಕುಕ್ಕರುಗಾಲಲ್ಲಿ ಕೂತು, ಬೀದಿಯಲ್ಲೇ, ಪೆಟ್ಟಿಗೆಯ ಹಿಂಭಾಗಕ್ಕೆ ಅದನ್ನು ತಳ್ಳಿದ. ಟಕ್ ಎಂದು ಕೂತಿತು. ತೆಗೆದ, ಮತ್ತೆ ತಳ್ಳಿದ. ಹೀಗೆ ನಾಲ್ಕು ಸಲ. ಆಮೇಲೆ ಯಾರ ಮುಖವನ್ನೂ ನೋಡದೆ, "ಬಿಸಿಲಾಗ್ ಯಾಕ್ ಬಿದ್ದೀಯಾ, ಒಳಗ್ ಬಾ" ಎಂದ.

ಯಜಮಾನರು ಕುಂಟುತ್ತ ಹೊಸಿಲು ದಾಟಿದರು. ತಮ್ಮನ ಹೆಂಡತಿ ಅರಿಶಿನ ತಂದಳು. ತಮ್ಮ ಒಬ್ಬನೇ ನಾಲ್ಕೂ ಪ್ಲಗ್ ಹಾಕಿದ, ನಮ್ಮನ್ನು ಹತ್ತಿರ ಬರಗೊಡಲಿಲ್ಲ. ತಬಲಾ ಕ್ಯಾಸೆಟ್ ಹಚ್ಚಿ ಎದುರು ಕೂತ. ಐದು ನಿಮಿಷವಾಗಿರಬಹುದು, ಹುಬ್ಬು ಗಂಟಾಯಿತು.

"ಬಾರ್ಸೋನ ಎಡಗೈ ಎಲ್ಲಿ ಹೋಯ್ತು? ಬರೀ ಬಲಗೈ ಕೇಳ್ತೈತೆ. ಎಡಗೈ ದಗ್ಗದ ಗುಮ್ಮು ಇಲ್ವೇ ಇಲ್ಲ."

ನನ್ನ ಎಡವಟ್ಟು ನನಗೆ ತಕ್ಷಣ ಹೊಳೆಯಿತು. ಒಂದು ಪ್ಲಗ್ಗಿನಲ್ಲಿ ಕೆಂಪು, ಕಪ್ಪು ಎರಡು ಎಳೆಗಳನ್ನು ಅದಲುಬದಲಾಗಿ ಸಾಲ್ಡರ್ ಮಾಡಿದ್ದೆ. ಹಾಗಾದರೆ ಒಂದು ಸ್ಪೀಕರ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ದಪ್ಪ ಸ್ವರ ನಡುವೆಯೇ ಸತ್ತುಹೋಗುತ್ತದೆ. ಒಂದೊಂದನ್ನೇ ಹಚ್ಚಿ ನೋಡಿದರೆ ಇದು ತಿಳಿಯುವುದೇ ಇಲ್ಲ. ಚೀಲದಲ್ಲಿ ಎರಡು ಸಾಲ್ಡರ್ ಕಡ್ಡಿ ತಂದಿದ್ದೆ, ಒಂದು ಕೆಟ್ಟರೆ ಇರಲಿ ಎಂದು. ಕೈ ಹಾಕಿದೆ. ಯಜಮಾನರು ನನ್ನ ಕಾಲನ್ನು ಹಿಮ್ಮಡಿಯಿಂದ ಅದುಮಿದರು.

"ಇವತ್ತ್ ಆಗಲ್ಲ. ಸಾಮಾನ್ ಇಲ್ಲ" ಎಂದರು ತಮ್ಮನಿಗೆ.

"ಇಪ್ಪತ್ತೆಂಟ್ ವರ್ಷಕ್ ತಂದು, ಅದನ್ನೂ ಉಲ್ಟಾ ತಂದೀಯಲ್ಲೋ! ಮುಂದಿನ್ ಸೋಮವಾರ ಬಂದ್ ಸರಿ ಮಾಡು. ಬರ್ಲಿಲ್ಲ ಅಂದ್ರೆ ಚಳ್ಳಕೆರೆಗೇ ಬಂದ್ ಕಾಲ್ ಮುರೀತೀನಿ."

ಮುಂದಿನ ಸೋಮವಾರ ಹೋದರು. ಪ್ಲಗ್ ಬಿಚ್ಚಿ, ನೋಡಿ, ಇದ್ದ ಹಾಗೆಯೇ ಮುಚ್ಚಿ, ಊಟ ಮಾಡಿ ಬಂದರು. ಅದರ ಮುಂದಿನ ವಾರವೂ ಹೋದರು. ಎರಡು ನಿಮಿಷದ ಕೆಲಸ, ನಾನೇ ಬಂದು ಮಾಡಿಕೊಡುತ್ತೇನೆ ಎಂದೆ. ಮೂರನೆಯ ಏಟು ಅದಕ್ಕೆ. ಅಲ್ಲಿ ಪ್ರತಿ ವಾರ ಜಗಳವಾಗುತ್ತಿತ್ತಂತೆ. ಒಮ್ಮೆ ತಟ್ಟೆ ಹಾರಿತು, ಒಮ್ಮೆ ಯಜಮಾನರೇ ತಮ್ಮನ ಕುತ್ತಿಗೆ ಹಿಡಿದರು. ಇಪ್ಪತ್ತೆಂಟು ವರ್ಷದಲ್ಲಿ ಅವರು ತಿರುಗಿ ಕೈ ಎತ್ತಿದ್ದು ಅದೇ ಮೊದಲು. ಅದನ್ನು ನನಗೆ ಹೇಳುವಾಗ ಮಗು ಹುಟ್ಟಿದ ಸುದ್ದಿ ಹೇಳುವಷ್ಟು ಖುಷಿ. ಆ ವರ್ಷದ ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಅಂಗಡಿಯ ಸ್ಟೂಲಿನಲ್ಲಿ ಕೂತವರು ಕೂತಂತೆಯೇ ಹೋದರು.

ಕರ್ಮಾಂತರ ಮುಗಿದ ಮೇಲೆ, ನಾನು ಮಾಡಿದ ತಪ್ಪನ್ನು ನಾನೇ ತಿದ್ದಬೇಕೆಂದು ಸಾಲ್ಡರ್ ಕಡ್ಡಿ ಹಿಡಿದು ಮೊಳಕಾಲ್ಮೂರಿಗೆ ಹೋದೆ. ತಮ್ಮ ನನ್ನ ಎದೆಗೆ ಕೈಯಿಟ್ಟು ಬಾಗಿಲಿನಿಂದ ಹಿಂದಕ್ಕೆ ನೂಕಿದ. ನಾನು ಗೋಡೆಗೆ ಬಡಿದು ನಿಂತೆ.

"ಅದು ಅವನ್ ಕೆಲಸ. ನೀನ್ ಮುಟ್ಟಬ್ಯಾಡ" ಎಂದ. ಒಳಗೆ ತಬಲಾ ಬರುತ್ತಿತ್ತು, ತೆಳ್ಳಗೆ.

ಬಸ್ಸಿನಲ್ಲಿ ನಾನು ಹೆದರಿದ್ದ ಪಟ್ಟಿಯಲ್ಲಿ ನನ್ನ ತಪ್ಪು ಇರಲೇ ಇಲ್ಲ. ಆದದ್ದು ಇಷ್ಟೇ: ಬಲಗಡೆಯ ಪೆಟ್ಟಿಗೆಯ ಪ್ಲಗ್ಗಿನೊಳಗೆ ಕೆಂಪು ಎಳೆ ಇರಬೇಕಾದಲ್ಲಿ ಇವತ್ತಿಗೂ ಕಪ್ಪು ಎಳೆ ಇದೆ.